ಕೃತಕ ಹಲ್ಲಿಗೂ ಹಳೆಯ ಶತ್ರು

ಉದುರಿದ ಹಲ್ಲಿನ ಜಾಗದಲ್ಲಿ ಬೇರೆ ಹಲ್ಲು ಕೂರಿಸುವ ಪ್ರಯತ್ನ ಬಹಳ ಹಳೆಯದು. ಸ್ಪೇನಿನ ಕಾರ್ಡೋವಾದ ವೈದ್ಯ ಅಬುಲ್ ಖಾಸಿಮ್ ಅಲ್ ಝಹ್ರಾವಿ ಅವರು ಸುಮಾರು ಕ್ರಿ.ಶ. 1000ದಲ್ಲಿ ಮುಗಿಸಿದ 'ಅಲ್ ತಸ್ರೀಫ್' ಗ್ರಂಥದಲ್ಲಿ ಎತ್ತಿನ ಮೂಳೆಯಿಂದ ಹಲ್ಲು ಕೆತ್ತಿ ಕಟ್ಟುವ ಕ್ರಮವನ್ನು ವಿವರಿಸಿದ್ದಾರೆ. ಹಲ್ಲಿಗೆ ಅಂಟಿದ ಗಟ್ಟಿ ಪಾಚಿಯನ್ನು ಕೆರೆಯುವ ಸಲಕರಣೆಗಳ ಚಿತ್ರಗಳೂ ಅದರಲ್ಲಿವೆ.

ಹಲ್ಲಿನ ಕೊಳೆಯಲ್ಲಿ ಜೀವಿಗಳಿವೆ ಎಂಬುದು ತಿಳಿದದ್ದು 1683ರಲ್ಲಿ. ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತನ್ನ ಹಲ್ಲಿನ ಸಂದಿಯ ಬಿಳಿ ಕೊಳೆಯನ್ನು ತಾನೇ ಮಾಡಿದ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದ. ಅಲ್ಲಿ ಓಡಾಡುತ್ತಿದ್ದ ಜೀವಿಗಳ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ.

ಸ್ವೀಡನ್ನಿನ ವಿಜ್ಞಾನಿ ಬ್ರೋನೆಮಾರ್ಕ್ 1952ರಲ್ಲಿ ಮೊಲದ ಮೂಳೆಗೆ ಟೈಟಾನಿಯಂ ಲೋಹ ಬೆಸೆದುಕೊಂಡದ್ದನ್ನು ಗಮನಿಸಿದರು. 1965ರಲ್ಲಿ ರೋಗಿಯೊಬ್ಬರ ದವಡೆಗೆ ಟೈಟಾನಿಯಂ ಇಂಪ್ಲಾಂಟ್ ಅಳವಡಿಸಿದರು. ಲೋಹಕ್ಕೆ ಹುಳುಕು ಹಿಡಿಯದು, ನಿಜ. ಆದರೆ ಅದರ ಸುತ್ತಲಿನ ಒಸಡಿಗೆ ಸೋಂಕು ತಗಲಬಹುದು, ಮೂಳೆ ಕರಗಬಹುದು. 1987ರಲ್ಲಿ ಮೊಂಬೆಲಿ ಮತ್ತು ಸಂಗಡಿಗರು ಕೆಟ್ಟ ಇಂಪ್ಲಾಂಟುಗಳ ಸುತ್ತ ಕಂಡದ್ದು ಹೊಸ ಜೀವಿಗಳನ್ನಲ್ಲ. ಒಸಡುರೋಗದಲ್ಲಿ ಕಾಣುವಂಥ ಬ್ಯಾಕ್ಟೀರಿಯಾಗಳನ್ನೇ. ಪಕ್ಕದ ಸಹಜ ಹಲ್ಲಿನ ಒಸಡುಸಂದಿ ಅವುಗಳ ಅಡಗುತಾಣವಾಗಬಲ್ಲದು. ಇತ್ತೀಚಿನ ಡಿಎನ್ಎ ಪರೀಕ್ಷೆಗಳ ಪ್ರಕಾರ ಎರಡೂ ಕಡೆಯ ಬ್ಯಾಕ್ಟೀರಿಯಾ ಸಮೂಹಗಳು ಪೂರ್ತಿ ಒಂದೇ ಅಲ್ಲ. ಆದರೂ ಅವುಗಳ ನಡುವೆ ಸಂಬಂಧವಿದೆ.

ಆದುದರಿಂದಲೇ ಇಂಪ್ಲಾಂಟ್ ಹಾಕುವ ಮೊದಲು ಉಳಿದ ಹಲ್ಲುಗಳ ಒಸಡುರೋಗವನ್ನು ವಾಸಿಮಾಡಬೇಕು, ನಂತರವೂ ನಿತ್ಯ ಶುಚಿಗೊಳಿಸಬೇಕು. ವಿದ್ಯಾರ್ಥಿಗಳೇ, ಎತ್ತಿನ ಮೂಳೆಯ ಹಲ್ಲು ಹೋಗಿ ಟೈಟಾನಿಯಂ ಬಂದಿದೆ; ಪಾಚಿ ಕೆರೆಯುವ ಕೆಲಸ ಮಾತ್ರ ಇನ್ನೂ ಮುಗಿದಿಲ್ಲ.