ಕೆಟ್ಟರೆ ಕಣ್ಣಿಗೆ ಕಾಣುವಂತೆ ಕೆಡುವ ಎಂಜಿನ್

ಇಂಗ್ಲೆಂಡಿನ ಕಾಲುವೆಗಳ ಚರಿತ್ರೆ ಹೇಳುವವರು ಹೆಚ್ಚಾಗಿ ಅಗೆದವರ ಕಥೆ ಹೇಳುತ್ತಾರೆ. 1761ರಲ್ಲಿ ಬ್ರಿಜ್‌ವಾಟರ್ ಡ್ಯೂಕ್ ತನ್ನ ವರ್ಸ್‌ಲಿ ಗಣಿಯ ಕಲ್ಲಿದ್ದಲನ್ನು ಮ್ಯಾಂಚೆಸ್ಟರಿನ ಕಡೆಗೆ ದೋಣಿಯಲ್ಲಿ ಕಳಿಸತೊಡಗಿದ, ಜೇಮ್ಸ್ ಬ್ರಿಂಡ್ಲಿ ಅದಕ್ಕೆ ನೀರಿನ ದಾರಿ ಮಾಡಿಕೊಟ್ಟ, ದೇಶದ ತುಂಬ ಕಾಲುವೆಗಳು ಹಬ್ಬಿದವು, ಆಮೇಲೆ ರೈಲು ಬಂದು ಅವುಗಳ ಅನ್ನ ಕಸಿದುಕೊಂಡಿತು. ಈ ಕಥೆಯಲ್ಲಿ ದೋಣಿಗೆ ಎಂಜಿನ್ ಬಂದದ್ದು ಕೊನೆಯ ಅಧ್ಯಾಯದ ಒಂದೆರಡು ಸಾಲು. ಬಂದ ಎಂಜಿನ್ ನಡುದಾರಿಯಲ್ಲಿ ಕೈಕೊಟ್ಟಾಗ ಏನಾಗುತ್ತಿತ್ತು ಎಂಬುದಕ್ಕೆ ಅಷ್ಟೂ ಜಾಗವಿಲ್ಲ. ಆದರೆ ಯಾವ ಎಂಜಿನ್ ಕಾಲುವೆಯಲ್ಲಿ ಬೇರೂರಿತು, ಯಾವುದು ಬಂದ ದಾರಿಗೆ ಸುಂಕವಿಲ್ಲದೆ ಹೋಯಿತು ಎಂಬುದನ್ನು ಬಲ ಮತ್ತು ಖರ್ಚಿನ ಲೆಕ್ಕ ಅರ್ಧ ಮಾತ್ರ ಬಿಡಿಸಿ ಹೇಳುತ್ತದೆ. ಉಳಿದರ್ಧ ಬೇರೊಂದು ಪ್ರಶ್ನೆಯಲ್ಲಿದೆ: ಎಂಜಿನ್ ಕೆಟ್ಟರೆ ಚುಕ್ಕಾಣಿ ಹಿಡಿದವನೇ ದಡದಲ್ಲಿ ನಿಂತು, ಕೈಗೆ ಸಿಕ್ಕ ಸಾಮಾನಿನಲ್ಲಿ ಅದನ್ನು ಸರಿಮಾಡಿಕೊಳ್ಳಬಹುದಿತ್ತೆ?

ಕಾಲುವೆಯಲ್ಲಿ ಕೆಟ್ಟು ನಿಲ್ಲುವುದು ಸಮುದ್ರದಲ್ಲಿ ಕೆಟ್ಟು ನಿಂತಂತಲ್ಲ. ನೀರು ಎದೆಮಟ್ಟ ಬಂದರೆ ಹೆಚ್ಚು, ದೋಣಿಯ ವೇಗ ಮನುಷ್ಯನ ನಡಿಗೆಯಷ್ಟು, ದಡ ಒಂದು ನೆಗೆತದ ದೂರ. ಜೀವಭಯ ಕಡಿಮೆ, ಭಯವಿದ್ದದ್ದು ದುಡಿಮೆಗೆ. ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಲಾಕ್‌ಗಳು ಮಧ್ಯ ಇಂಗ್ಲೆಂಡಿನ ಕಿರಿದಾದ ಕಾಲುವೆಗಳಲ್ಲಿ ಸುಮಾರು 7 ಅಡಿ ಅಗಲದವು, ಅವುಗಳಲ್ಲಿ ತೂರುವ ದೋಣಿ 70 ಅಡಿ ಉದ್ದದ್ದು. ಅಲ್ಲಿ ಒಂದು ದೋಣಿ ನಿಂತರೆ ಹಿಂದಿನದೂ ನಿಂತಿತು, ಎದುರಿನಿಂದ ಬರುವುದೂ ನಿಂತಿತು. ದೋಣಿಯವರಿಗೆ ದಿನಗೂಲಿ ಇರಲಿಲ್ಲ. ಸಾಗಿಸಿದ ಟನ್ನಿಗೆ ಇಷ್ಟು ಎಂದು ಕೊಡುತ್ತಿದ್ದರು. ಹೆಂಡತಿ ಮಕ್ಕಳ ಸಮೇತ ಹಿಂಬದಿಯ ಹತ್ತಡಿ ಕೋಣೆಯಲ್ಲಿ ಸಂಸಾರ ಹೂಡಿದವರಿಗೆ ಒಂದು ದಿನ ನಿಲ್ಲುವುದೆಂದರೆ ಇಡೀ ಮನೆಯ ಗಳಿಕೆ ನಿಂತ ಹಾಗೆ. ಕುದುರೆಯ ಕಾಲದಲ್ಲಿ ಇದಕ್ಕೊಂದು ಮದ್ದಿತ್ತು. ಕುದುರೆ ಕುಂಟಿದರೆ ಇನ್ನೊಂದು ಕುದುರೆ; ಅದೂ ಸಿಗದಿದ್ದರೆ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಮನುಷ್ಯರೇ ಎಳೆಯುತ್ತಿದ್ದರು.

ಉಗಿ ಎಂಜಿನ್ ಬಂದಾಗ ಈ ಸರಳ ಮದ್ದು ಸಾಲದಾಯಿತು. ನಾರ್ಥಾಂಪ್ಟನ್‌ಶೈರಿನ ಬ್ಲಿಸ್‌ವರ್ತ್ ಸುರಂಗ ಸುಮಾರು 2.8 ಕಿಲೋಮೀಟರ್ ಉದ್ದದ್ದು, 1805ರಲ್ಲಿ ತೆರೆದದ್ದು. ಒಳಗೆ ಕುದುರೆ ನಡೆಯಲು ದಾರಿಯಿಲ್ಲ. ಆಳುಗಳು ಹಲಗೆಯ ಮೇಲೆ ಬೆನ್ನು ಊರಿ ಮಲಗಿ, ಗೋಡೆಯನ್ನು ಕಾಲಿನಿಂದ ಒದೆಯುತ್ತ ದೋಣಿ ದಾಟಿಸಬೇಕಿತ್ತು. 1861ರಲ್ಲಿ ಆ ಸುರಂಗದೊಳಗೆ 'ಬೀ' ಎಂಬ ಉಗಿದೋಣಿಯ ಹೊಗೆಗೆ ಸಿಕ್ಕಿ ಇಬ್ಬರು ಉಸಿರುಕಟ್ಟಿ ಸತ್ತರು. ಎಂಜಿನ್ ಮುರಿಯಲೇಬೇಕೆಂದಿರಲಿಲ್ಲ, ಇರಬಾರದ ಜಾಗದಲ್ಲಿ ಇದ್ದರೆ ಸಾಕಿತ್ತು. ಸರಕು ಸಾಗಣೆಯ ದೊಡ್ಡ ಕಂಪನಿ ಫೆಲೋಸ್ ಮಾರ್ಟನ್ ಅಂಡ್ ಕ್ಲೇಟನ್ 1909ರಲ್ಲಿ ಕಟ್ಟಿಸಿದ 'ಪ್ರೆಸಿಡೆಂಟ್' ಎಂಬ ಉಗಿದೋಣಿ ಇಂದಿಗೂ ಉಳಿದಿದೆ. ಇಂಥ ದೋಣಿಯಲ್ಲಿ ಬಾಯ್ಲರು, ಎಂಜಿನ್, ಉರಿಸುವ ಇದ್ದಲು ಸೇರಿ ಹತ್ತು ಟನ್ನಿನಷ್ಟು ಸರಕಿನ ಜಾಗ ನುಂಗುತ್ತಿದ್ದವು. ಬೆಂಕಿ ಕಾಯಲು ಬೇರೆ ಆಳು ಬೇಕು, ಬಾಯ್ಲರಿಗೆ ಏನಾದರೂ ಆದರೆ ಕಂಪನಿಯ ಕಾರ್ಖಾನೆಯೇ ಗತಿ. 1925ರಲ್ಲಿ 'ಪ್ರೆಸಿಡೆಂಟ್'ನ ಬಾಯ್ಲರನ್ನು ಕಿತ್ತು, ಆ ಜಾಗದಲ್ಲಿ ಸ್ವೀಡನ್ನಿನ 15 ಅಶ್ವಶಕ್ತಿಯ ಬೊಲಿಂಡರ್ ಎಂಜಿನ್ ಕೂರಿಸಿದರು. ಬೊಲಿಂಡರ್ ಆ ಕಂಪನಿಯ ದೋಣಿಗಳಿಗೆ ಕಾಲಿಟ್ಟದ್ದು 1912ರಲ್ಲೇ.

ಬೊಲಿಂಡರ್ ನೋಡಲು ಒರಟು. ಒಂದೇ ಸಿಲಿಂಡರ್, ಅದರ ತಲೆಯ ಮೇಲೊಂದು ಬೀಡುಕಬ್ಬಿಣದ ಬುರುಡೆ. ಬೆಳಿಗ್ಗೆ ಬ್ಲೋಲ್ಯಾಂಪ್ ಹಚ್ಚಿ ಅದರ ಉರಿಯನ್ನು ಬುರುಡೆಗೆ ಹಿಡಿಯಬೇಕು. ಹತ್ತು ಹದಿನೈದು ನಿಮಿಷಕ್ಕೆ ಅದು ಮಂದಗೆಂಪಾಗುತ್ತದೆ. ಆಗ ಫ್ಲೈವೀಲಿನ ಅಂಚಿನ ಗೂಟವನ್ನು ಹೊರಗೆಳೆದು, ಕಾಲಿಟ್ಟು, ಒಂದೇ ಸಲಕ್ಕೆ ಒದೆಯಬೇಕು. ಲೆಕ್ಕ ತಪ್ಪಿದರೆ ಚಕ್ರ ಹಿಂದಕ್ಕೆ ಒದೆಯುತ್ತದೆ, ಕಾಲು ಮುರಿದರೂ ಆಶ್ಚರ್ಯವಿಲ್ಲ. ಕಾದ ಬುರುಡೆಯೇ ಎಣ್ಣೆಗೆ ಬೆಂಕಿ ಕೊಡುವುದರಿಂದ ಸ್ಪಾರ್ಕ್ ಪ್ಲಗ್ ಬೇಕಿಲ್ಲ, ಬ್ಯಾಟರಿ ಬೇಕಿಲ್ಲ, ವೈರು ಬೇಕಿಲ್ಲ. ಹಿಂದಕ್ಕೆ ಚಲಿಸಲು ಗೇರ್‌ಬಾಕ್ಸ್ ಕೂಡ ಇರಲಿಲ್ಲ: ಎಂಜಿನ್ನಿನ ಓಟವನ್ನು ನಿಲ್ಲುವ ಹಂತಕ್ಕೆ ತಗ್ಗಿಸಿ, ಸಮಯಕ್ಕೆ ಮುಂಚೆಯೇ ಎಣ್ಣೆ ಚಿಮ್ಮಿಸಿದರೆ ಪಿಸ್ಟನ್ ಪುಟಿದು ಎಂಜಿನ್ ಎದುರು ದಿಕ್ಕಿಗೆ ತಿರುಗತೊಡಗುತ್ತದೆ. ಈ ಕಸರತ್ತು ಕೈಕೊಟ್ಟರೆ ದೋಣಿ ನೇರ ಲಾಕ್‌ಗೇಟಿಗೆ ಹೋಗಿ ಗುದ್ದುತ್ತಿತ್ತು. ಲಾಕಿನ ಸರದಿಗಾಗಿ ಹೆಚ್ಚು ಹೊತ್ತು ಸುಮ್ಮನೆ ಓಡುತ್ತಿದ್ದರೆ ಬುರುಡೆ ತಣ್ಣಗಾಗಿ ಎಂಜಿನ್ ನಿಂತೇ ಹೋಗುತ್ತಿತ್ತು. ಕೆಡುವ ದಾರಿಗಳು ಕಡಿಮೆಯೇನಲ್ಲ. ಆದರೆ ಅವೆಲ್ಲ ಕಣ್ಣಿಗೋ ಕಿವಿಗೋ ಸಿಗುವಂಥವು. ಬುರುಡೆ ಕಪ್ಪಾಗಿದೆಯೆ? ಮತ್ತೆ ಬ್ಲೋಲ್ಯಾಂಪ್ ಹಿಡಿ. ಎಣ್ಣೆಯ ನಳಿಗೆ ಕಟ್ಟಿದೆಯೆ? ಬಿಚ್ಚಿ ಊದು. ತಂಪಾಗಿಸುವ ನೀರಿನ ಜಾಲರಿಗೆ ಕೆಸರು, ಎಲೆ ತುಂಬಿದೆಯೆ? ಕೈ ಹಾಕಿ ಬಳಿ. ಹಳ್ಳಿಯ ಹಿಟ್ಟಿನ ಗಿರಣಿಯ ಎಂಜಿನ್ ತಾಳ ತಪ್ಪಿದರೆ ಬೀದಿಗೆಲ್ಲ ತಿಳಿಯುವ ಹಾಗೆ, ಬೊಲಿಂಡರಿನ ಬಡಿತ ಬದಲಾದರೆ ಚುಕ್ಕಾಣಿಯವನಿಗೆ ಒಳಗೆ ಇಣುಕುವ ಮುಂಚೆಯೇ ತಿಳಿಯುತ್ತಿತ್ತು.

ಕಂಪನಿಗಳು ಬೊಲಿಂಡರನ್ನು ಆರಿಸಿದ್ದು ಜಾಗ ಉಳಿಸಲು, ಆಳು ಕಡಿಮೆ ಮಾಡಲು, ರಿಪೇರಿಯ ಸುಲಭಕ್ಕಲ್ಲ ಎಂದು ಯಾರಾದರೂ ಹೇಳಬಹುದು. ಮಾತಿನಲ್ಲಿ ಸತ್ಯವಿದೆ, ಲೆಕ್ಕಪತ್ರ ನೋಡುವವರಿಗೆ ಕಂಡದ್ದು ಅದೇ. ಆದರೆ ಜಾಗವಷ್ಟೇ ಮುಖ್ಯವಾಗಿದ್ದರೆ ಪೆಟ್ರೋಲ್ ಎಂಜಿನ್ ಇನ್ನೂ ಚಿಕ್ಕದು, ಹಗುರ, ಒದೆಯುವ ಕಷ್ಟವೂ ಅಷ್ಟಿಲ್ಲ. ಇಂಧನ ತುಟ್ಟಿ ಎಂಬುದು ಅದರ ಒಂದು ಕೊರತೆ. ಇನ್ನೊಂದು, ಅದರ ಕಿಡಿ ಹುಟ್ಟುವುದು ವೈರಿನಲ್ಲಿ, ಕಾಯಿಲಿನಲ್ಲಿ. ಮಂಜು, ಸುರಂಗದ ತೊಟ್ಟಿಕ್ಕುವ ನೀರು, ವರ್ಷವಿಡೀ ಆರದ ಕೋಣೆ, ಇವೆಲ್ಲದರ ನಡುವೆ ತೇವ ಹಿಡಿದ ಕಿಡಿಯ ದೋಷ ಕಣ್ಣಿಗೆ ಕಾಣುವುದಿಲ್ಲ. ಇದಕ್ಕೆ ಎದುರಾಗಿ ಎಲ್.ಟಿ.ಸಿ. ರೋಲ್ಟ್ ಅವರ ಹೆಸರು ಹೇಳುವವರಿದ್ದಾರೆ: 1939ರಲ್ಲಿ 'ಕ್ರೆಸಿ' ದೋಣಿಯಲ್ಲಿ ಹೊರಟು, 1944ರಲ್ಲಿ 'ನ್ಯಾರೋ ಬೋಟ್' ಪುಸ್ತಕ ಪ್ರಕಟಿಸಿ ಕಾಲುವೆಗಳಿಗೆ ಮರುಜೀವ ತಂದ ಅವರ ದೋಣಿಯಲ್ಲಿದ್ದದ್ದು ಫೋರ್ಡ್ ಮಾಡೆಲ್ ಟಿ ಕಾರಿನ ಎಂಜಿನ್ ಅಲ್ಲವೆ? ಹೌದು. ಆದರೆ ರೋಲ್ಟ್ ತರಬೇತಿ ಪಡೆದ ಎಂಜಿನಿಯರ್, ಅವರ ದೋಣಿಯಲ್ಲಿ ಸರಕಿರಲಿಲ್ಲ, ತಡವಾದರೆ ಕೂಲಿ ಕಳೆಯುವ ಮಾತೂ ಇರಲಿಲ್ಲ. ಬೇಕಾದಷ್ಟು ಹೊತ್ತು ಬಿಚ್ಚಿ ಕೂತಿರಬಲ್ಲವನ ಎಂಜಿನ್ ದೋಣಿ ಸಂಸಾರಕ್ಕೆ ಅಳತೆಗೋಲಾಗದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಓದುಬರಹವಿಲ್ಲದ ದೋಣಿಯ ಜನ ಎಂಜಿನ್ ರಿಪೇರಿ ಮಾಡುತ್ತಿದ್ದರೆ? ಕಂಪನಿಯ ಫಿಟ್ಟರುಗಳಲ್ಲವೆ ಮಾಡುತ್ತಿದ್ದದ್ದು? ಬೇರಿಂಗ್ ಸವೆದರೆ, ಶಾಫ್ಟ್ ಬಾಗಿದರೆ ಫಿಟ್ಟರೇ ಬರಬೇಕಿತ್ತು, ನಿಜ. ಆದರೆ ದಾರಿಯಲ್ಲಿ ನಿಲ್ಲಿಸುವ ತೊಂದರೆಗಳಲ್ಲಿ ಅಷ್ಟು ದೂರ ಹೋಗುವಂಥವು ಕೆಲವೇ; ಉಳಿದವು ನಳಿಗೆ, ಜಾಲರಿ, ಗ್ರೀಸಿನ ಬಾಬತ್ತು. ಅವನ್ನು ಕಲಿಯಲು ಅಕ್ಷರ ಬೇಕಿರಲಿಲ್ಲ; ದೋಣಿ ಮನೆತನದಲ್ಲಿ ಹುಟ್ಟುವುದೂ ಬೇಕಿರಲಿಲ್ಲ ಎಂಬುದಕ್ಕೆ ಎರಡನೇ ಮಹಾಯುದ್ಧದ ಕಾಲದ ಒಂದು ಸಾಕ್ಷಿ ಇದೆ. ಆಗ ಆಳು ಸಾಲದೆ, ನೀರಿನ ಮುಖವನ್ನೇ ಕಾಣದ ಹೆಂಗಸರನ್ನು ತರಬೇತಿ ಕೊಟ್ಟು ಗ್ರ್ಯಾಂಡ್ ಯೂನಿಯನ್ ಕಾಲುವೆಯ ಜೋಡಿದೋಣಿಗಳಿಗೆ (ಎಂಜಿನ್ ಇರುವ ಒಂದು, ಅದು ಎಳೆಯುವ ಇನ್ನೊಂದು) ಇಳಿಸಿದರು. ನಟಿಯರು, ಕಾಲೇಜು ವಯಸ್ಸಿನ ಹುಡುಗಿಯರು. ಅವರಲ್ಲಿ ಸೂಸನ್ ವುಲ್ಫಿಟ್, ಎಮ್ಮಾ ಸ್ಮಿತ್ ಮುಂದೆ ಆ ಅನುಭವವನ್ನು ಪುಸ್ತಕ ಮಾಡಿದರು. ಅವರ ಕೈಗೆ ಬಂದದ್ದು 1930ರ ದಶಕದಲ್ಲಿ ಹೊಸ ದೋಣಿಗಳಿಗೆ ಹಾಕಿದ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್‌ಗಳು, ಹ್ಯಾಂಡಲ್ ತಿರುಗಿಸಿ ಹೊರಡಿಸುವಂಥವು. ಬೊಲಿಂಡರಿಗಿಂತ ಸಭ್ಯ, ಆದರೆ ಅಷ್ಟೇ ಬಿಚ್ಚುಮನಸ್ಸಿನವು. ಕೆಲವೇ ವಾರಗಳಲ್ಲಿ ಈ ಹೆಂಗಸರು ಲಂಡನ್–ಬರ್ಮಿಂಗ್‌ಹ್ಯಾಮ್ ದಾರಿಯಲ್ಲಿ ಸ್ವತಂತ್ರವಾಗಿ ಸರಕು ಸಾಗಿಸತೊಡಗಿದರು ಎಂದರೆ ಆ ಪಾಠದ ಒಂದು ಪಾಲನ್ನು ಎಂಜಿನ್ನೇ ಹೇಳಿಕೊಟ್ಟಿತೆನ್ನಬೇಕು.

ಎಂಜಿನ್ ಎಷ್ಟೇ ಗಟ್ಟಿಯಿರಲಿ, ಅದರ ಜತೆ ನೀರಿನಡಿಗೆ ಪ್ರೊಪೆಲ್ಲರ್ ಬಂತು. ಕುದುರೆಯ ದೋಣಿಗೆ ಗೊತ್ತೇ ಇರದ ಕಷ್ಟವಿದು. ಹರಿದ ಹಗ್ಗ, ತಂತಿ, ಗೋಣಿತಾಟು, ಕಾಲುವೆಗೆ ಊರವರು ಎಸೆದದ್ದೆಲ್ಲ ರೆಕ್ಕೆಗೆ ಸುತ್ತಿಕೊಳ್ಳುತ್ತಿತ್ತು. ಎಷ್ಟೋ ಸಲ ಸುತ್ತಿಕೊಳ್ಳುತ್ತಿದ್ದದ್ದು ತಮ್ಮದೇ ಹಗ್ಗ: ಎಂಜಿನ್ ದೋಣಿ ಹಿಂದಿನ ಜೋಡಿದೋಣಿಯನ್ನು ಎಳೆಯುವ ಹಗ್ಗ ಸಡಿಲವಾಗಿ ನೀರಿಗೆ ಬಿದ್ದರೆ ಸಾಕು. ಆಗ ಹಿಂಬದಿಯ ತಟ್ಟಿನ ಮೇಲೆ ಬೋರಲು ಮಲಗಿ, ಕೊಕ್ಕೆ ಕಟ್ಟಿದ ಉದ್ದ ಗಳದಿಂದ ಕಾಣದ ಗಂಟನ್ನು ಬಿಡಿಸಬೇಕು. ಬಗ್ಗದಿದ್ದರೆ ಚಾಕು ಹಿಡಿದು ನೀರಿಗೇ ಇಳಿಯಬೇಕು, ಜನವರಿಯಾದರೂ ಸರಿ. ಕೊನೆಗೆ ಚಳಿಯೇ ದೋಣಿಗಳನ್ನು ನಿಲ್ಲಿಸಿತು: 1962–63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿದವು, ಅದರ ಬೆನ್ನಲ್ಲೇ ಕಾಲುವೆಗಳನ್ನು ನಡೆಸುತ್ತಿದ್ದ ಸರ್ಕಾರಿ ಸಂಸ್ಥೆ ತನ್ನ ಕಿರುದೋಣಿಗಳ ಸರಕು ಸಾಗಣೆಯನ್ನು ಬಹುಪಾಲು ಮುಚ್ಚಿತು.

ಈಗ ಅದೇ ನೀರಿನಲ್ಲಿ ಓಡುವುದು ರಜೆಗೆ ಬಂದವರ, ದೋಣಿಯನ್ನೇ ಮನೆ ಮಾಡಿಕೊಂಡವರ ಉಕ್ಕಿನ ದೋಣಿಗಳು. ಎಂಜಿನ್ ನೆಲದ ಹಲಗೆಯಡಿ ಅಡಗಿದೆ, ಕೀಲಿ ತಿರುಗಿಸಿದರೆ ಹೊರಡುತ್ತದೆ, ನಿಂತರೆ ಫೋನು ಮಾಡಿದರೆ ಮೆಕ್ಯಾನಿಕ್ ಬರುತ್ತಾನೆ. ಹಿಂದಿಗಿಂತ ಕೆಡುವುದು ಕಡಿಮೆ, ಅದನ್ನು ಅಲ್ಲಗಳೆಯುವಂತಿಲ್ಲ. ಕೆಟ್ಟಾಗ ಯಾಕೆ ಕೆಟ್ಟಿತೆಂದು ದೋಣಿಯವನಿಗೆ ತಿಳಿಯುವುದೂ ಕಡಿಮೆ, ಮತ್ತು ತಡವಾದರೆ ಅವನ ಊಟಕ್ಕೆ ಕುಂದಿಲ್ಲ. ಹಳೆಯ ರೀತಿ ಉಳಿದಿರುವುದು ಪ್ರೊಪೆಲ್ಲರಿನ ವಿಷಯದಲ್ಲಿ. ಅದಕ್ಕೆ ನೇರ ಮೇಲೆ ಒಂದು ಪೆಟ್ಟಿಗೆ, ಪೆಟ್ಟಿಗೆಗೆ ತಿರುಪು ಹಾಕಿ ಬಿಗಿಯುವ ಮುಚ್ಚಳ. ಎಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿಕೊಂಡು, ಮುಚ್ಚಳ ತೆಗೆದು ಒಳಗಿಂದಲೇ ಕೈ ಇಳಿಬಿಟ್ಟು ಪ್ಲಾಸ್ಟಿಕ್ ಚೀಲ, ಹಳೆ ಬಟ್ಟೆ ಕತ್ತರಿಸಿ ತೆಗೆಯಬಹುದು. ಕೆಲಸ ಮುಗಿದ ಆತುರದಲ್ಲಿ ಮುಚ್ಚಳವನ್ನು ಸರಿಯಾಗಿ ಬಿಗಿಯದೆ ಹೊರಟರೆ, ತಿರುಗುವ ರೆಕ್ಕೆಯೇ ನೀರನ್ನು ದೋಣಿಯೊಳಕ್ಕೆ ತಳ್ಳುತ್ತದೆ. ಹೀಗೆ ಮುಳುಗಿದ ದೋಣಿಗಳುಂಟು.