ಚೌಕದ ಹಾಳೆಗೆ ಸಿಗದ ಕಸೂತಿಯ ದಾರಿ

ಕ್ರಾಸ್ ಸ್ಟಿಚ್ ಹಾಕುವವರ ಮೊಬೈಲಿನಲ್ಲಿ ಚೌಕಗಳ ನಕ್ಷೆಯನ್ನು ನೀವು ನೋಡಿರಬಹುದು. ಒಂದು ಚೌಕಕ್ಕೆ ಒಂದು ಗುಣಾಕಾರದ ಹೊಲಿಗೆ. ಇಂಥ ನಕ್ಷೆ ಮಾಡಿಕೊಡುವ ಸಾಫ್ಟ್‌ವೇರ್ ಹೊಸದು, ಆದರೆ ಮಾದರಿ ನೋಡಿ ಹೊಲಿಯುವ ಪದ್ಧತಿ ಹಳೆಯದು. 1520ರ ದಶಕದಲ್ಲೇ ಜರ್ಮನಿಯ ಮುದ್ರಕ ಯೋಹಾನ್ ಶೋನ್ಸ್‌ಪರ್ಗರ್ ಕಸೂತಿಯ ಮಾದರಿ ಪುಸ್ತಕ ಅಚ್ಚು ಹಾಕಿದ್ದ. 1800ರ ನಂತರ ಬರ್ಲಿನ್‌ನ ವ್ಯಾಪಾರಿಗಳು ಚೌಕದ ಹಾಳೆಗೆ ಕೈಯಿಂದ ಬಣ್ಣ ತುಂಬಿ ಮಾರಿದರು. ಚಿತ್ರ ಬರೆಯಲು ಬರದಿದ್ದರೂ ನಡೆಯುತ್ತಿತ್ತು, ಎಣಿಸಲು ಬಂದರೆ ಸಾಕಿತ್ತು.

ಅದೇ ನಕ್ಷೆಯನ್ನು ಬೇರೆ ಕೆಲಸಕ್ಕೆ ಬಳಸಬಹುದೇ? ಚೌಕ ತುಂಬುವ, ಖಾಲಿ ಬಿಡುವ ಕ್ರೋಶಾ ಜಾಲರಿಗೆ ಹೆಚ್ಚುಕಡಿಮೆ ಹಾಗೆಯೇ ಹೊಂದುತ್ತದೆ. ಸ್ವೆಟರಿಗೆ ಹೊಂದುವುದಿಲ್ಲ. ಹೆಣಿಗೆಯ ಕುಣಿಕೆ ಅಗಲ ಹೆಚ್ಚು, ಎತ್ತರ ಕಡಿಮೆ. 10 ಸೆಂ.ಮೀ. ಅಗಲಕ್ಕೆ 20 ಕುಣಿಕೆ, ಅಷ್ಟೇ ಎತ್ತರಕ್ಕೆ 28 ಸಾಲು ಬೇಕಾಗುವ ದಾರವಿದ್ದರೆ, 20 ಸಾಲಿನ ನವಿಲು 7 ಸೆಂ.ಮೀ. ಎತ್ತರಕ್ಕೇ ಮುಗಿದು ಕುಳ್ಳಗಾಗುತ್ತದೆ. ಸಾಫ್ಟ್‌ವೇರ್‌ನಲ್ಲಿ ಚೌಕವನ್ನು ಅಡ್ಡ ಆಯತ ಮಾಡಿಕೊಂಡು ನವಿಲನ್ನು ಮತ್ತೆ ಬಿಡಿಸಬೇಕು.

ಈಗ ನಮ್ಮ ಧಾರವಾಡದ ಕಡೆಯ ಕಸೂತಿಗೆ ಬರೋಣ. ಇದಕ್ಕೆ ಬಟ್ಟೆಯ ಮೇಲೆ ಗೆರೆ ಎಳೆಯುವುದಿಲ್ಲ, ಎಳೆ ಎಣಿಸಿಯೇ ಗೋಪುರ, ತೇರು, ಆನೆ ಮೂಡಿಸುತ್ತಾರೆ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಮೆಂತಿಯೇ ಕ್ರಾಸ್ ಸ್ಟಿಚ್. ಅದು ಚೌಕದೊಳಗೆ ಕೂರುತ್ತದೆ. ಗವಂತಿ, ಮುರ್ಗಿ ಹಾಗಲ್ಲ, ಅವು ಗೆರೆಗಳ ಮೇಲೆ ಓಡುತ್ತವೆ. ಚೌಕಕ್ಕೆ ಬಣ್ಣ ತುಂಬಿ ಅವನ್ನು ತೋರಿಸಲಾಗದು. ಕ್ರಾಸ್ ಸ್ಟಿಚ್ ಸಾಫ್ಟ್‌ವೇರ್‌ಗಳಲ್ಲಿ ಅಂಚು ಎಳೆಯಲು ಇರುವ ಬ್ಯಾಕ್ ಸ್ಟಿಚ್ ಎಂಬ ಸಾಧನದಿಂದ ಆ ಗೆರೆಗಳನ್ನು ಬಿಡಿಸಬಹುದು.

ಆದರೂ ಒಂದು ಸಂಗತಿ ಉಳಿಯುತ್ತದೆ. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಗೆರೆ ತುಂಬುತ್ತದೆ, ಬರುವಾಗ ಬಿಟ್ಟದ್ದನ್ನು ತುಂಬುತ್ತದೆ. ಗಂಟು ಹಾಕುವುದಿಲ್ಲ, ಎರಡೂ ಮಗ್ಗುಲು ಒಂದೇ ಥರ ಕಾಣಬೇಕು. ಗೋಪುರದ ತುದಿಗೆ ಯಾವ ಕಡೆಯಿಂದ ಹೋಗಬೇಕು, ಎಲ್ಲಿ ತಿರುಗಬೇಕು ಎಂಬುದು ನಕ್ಷೆಯಲ್ಲಿಲ್ಲ. ಅದು ಹೊಲಿಯುವವರ ಕೈಯಲ್ಲಿದೆ.

ಚಿತ್ರವಷ್ಟೇ ಕಂಪ್ಯೂಟರಿಗೆ ಸೇರಿ ದಾರಿ ಸೇರದಿದ್ದರೆ, ಉಳಿಯುವುದು ಅರ್ಧ ಕಸೂತಿ. ಹಾಗಾಗಿ ನಾವು ಕೇಳಿಕೊಳ್ಳುವುದಿಷ್ಟು: ಮನೆಯ ಹಿರಿಯರ ಸೀರೆಯ ಸೆರಗಿನ ಫೋಟೋ ತೆಗೆದು ಸುಮ್ಮನಾಗಬೇಡಿ. ಪಕ್ಕದಲ್ಲಿ ಕೂತು, ಹೋಗುವ ಗೆರೆಗೆ ಒಂದು ಬಣ್ಣ, ಬರುವ ಗೆರೆಗೆ ಇನ್ನೊಂದು ಬಣ್ಣ ಕೊಟ್ಟು ಬಿಡಿಸಿಕೊಳ್ಳಿ. ಲೆಕ್ಕದ ಪುಸ್ತಕದ ಚೌಕದ ಹಾಳೆಯಾದರೂ ಸಾಕು.