ದವಡೆ ಮುಂದೆ ಬಂದರೆ ಉಸಿರಿಗೆ ದಾರಿ

ನಮ್ಮ ದೊಡ್ಡಪ್ಪ ಮಲಗಿದರೆ ಪಕ್ಕದ ಮನೆಯವರಿಗೂ ಗೊತ್ತಾಗುತ್ತಿತ್ತು. ಆ ಗೊರಕೆಗೆ ನಾವೆಲ್ಲ ನಗುತ್ತಿದ್ದೆವು. ಹೆದರಿಕೆಯಾಗುತ್ತಿದ್ದದ್ದು ಗೊರಕೆ ನಿಂತಾಗ. ಸದ್ದೇ ಇರುತ್ತಿರಲಿಲ್ಲ. ದೊಡ್ಡಮ್ಮ ಎದ್ದು ಕೂತು ಎದೆ ಮೇಲೆ ಕೈಯಿಟ್ಟು ನೋಡುವಷ್ಟರಲ್ಲಿ ಒಮ್ಮೆ ಒದ್ದಾಡಿ, ಉಸಿರೆಳೆದು, ಮತ್ತೆ ಶುರು. ಪಟ್ಟಣದ ಆಸ್ಪತ್ರೆಯಲ್ಲಿ ಒಂದು ರಾತ್ರಿ ಮೈಗೆ ತಂತಿ ಅಂಟಿಸಿ ಮಲಗಿಸಿದ ಮೇಲೆ ಕಾಯಿಲೆಯ ಹೆಸರು ತಿಳಿಯಿತು: ಸ್ಲೀಪ್ ಅಪ್ನಿಯಾ, ಅದೂ ತೀವ್ರ ಹಂತದ್ದು. ಗಂಟೆಗೆ 30 ಸಲ ಅಥವಾ ಅದಕ್ಕಿಂತ ಹೆಚ್ಚು ಉಸಿರು ನಿಂತರೆ, ಇಲ್ಲವೇ ತೀರಾ ಕುಗ್ಗಿದರೆ, ತೀವ್ರ ಎನ್ನುತ್ತಾರೆ. ಮೂಗಿಗೆ ಮಾಸ್ಕ್ ಹಾಕಿ ಗಾಳಿ ಊದುವ ಸಿ-ಪ್ಯಾಪ್ ಯಂತ್ರ ಬರೆದುಕೊಟ್ಟರು. ಕರೆಂಟು ಹೋದರೆ ಅದು ನಿಲ್ಲುತ್ತದೆ. ನಮ್ಮ ಕಡೆಯ ಕರೆಂಟಿನ ವಿಷಯ ನಿಮಗೆ ಹೇಳಬೇಕಿಲ್ಲ. ಬಾಯಿಗೆ ಹಾಕಿಕೊಳ್ಳುವ ಸಾಧನವೊಂದು ಇದೆಯಂತೆ ಎಂದು ಯಾರೋ ಅಂದರು. ಅದರ ಬೆನ್ನು ಹತ್ತಿದಾಗ ಸಿಕ್ಕ ಚರಿತ್ರೆ ಇದು.

ನಾಲಿಗೆಯ ಬುಡ ಕೆಳದವಡೆಯ ಮೂಳೆಗೆ ಅಂಟಿಕೊಂಡಿದೆ. ನಿದ್ದೆಯಲ್ಲಿ ಸ್ನಾಯು ಸಡಿಲವಾದಾಗ ನಾಲಿಗೆ ಹಿಂದಕ್ಕೆ ಜಾರಿ ಗಂಟಲು ಮುಚ್ಚುತ್ತದೆ. ದವಡೆ ಮುಂದೆ ತಂದರೆ ನಾಲಿಗೆಯೂ ಜೊತೆಗೆ ಬರುತ್ತದೆ. ಇದು ಮೊದಲು ಚೆನ್ನಾಗಿ ತಿಳಿದದ್ದು ನಿದ್ದೆಯ ವೈದ್ಯರಿಗಲ್ಲ, ಕ್ಲೋರೋಫಾರ್ಮ್ ಕೊಟ್ಟು ಆಪರೇಷನ್ ಮಾಡುತ್ತಿದ್ದವರಿಗೆ. 1870ರ ದಶಕದಲ್ಲಿ ಜರ್ಮನಿಯ ಎಸ್ಮಾರ್ಕ್, ನಾರ್ವೆಯ ಹೈಬರ್ಗ್ ಎಂಬ ಶಸ್ತ್ರವೈದ್ಯರು, ಪ್ರಜ್ಞೆ ತಪ್ಪಿದವರ ದವಡೆಯನ್ನು ಕೈಯಿಂದ ಮುಂದಕ್ಕೆ ತಳ್ಳಿ ಉಸಿರಿನ ದಾರಿ ತೆರೆಯುವುದನ್ನು ಬರೆದಿಟ್ಟರು. ಆಂಬುಲೆನ್ಸ್ ಸಿಬ್ಬಂದಿ ಇವತ್ತಿಗೂ ಅದನ್ನೇ ಮಾಡುತ್ತಾರೆ.

ಕೈಯ ಕೆಲಸವನ್ನು ಬಾಯೊಳಗಿನ ಸಾಧನಕ್ಕೆ ಒಪ್ಪಿಸಿದವರು ಫ್ರಾನ್ಸಿನ ಪಿಯೆರ್ ರೊಬ್ಯಾಂ. ಬಾಯಿ, ಹಲ್ಲಿನ ವೈದ್ಯರು. 1902ರಲ್ಲಿ ಮೇಲಿನ ಮತ್ತು ಕೆಳಗಿನ ಹಲ್ಲುಗಳನ್ನು ಒಟ್ಟಿಗೆ ಹಿಡಿಯುವ ಮೊನೊಬ್ಲಾಕ್ ಎಂಬುದನ್ನು ಅವರು ವಿವರಿಸಿದರು. ಹುಟ್ಟುವಾಗಲೇ ಕೆಳದವಡೆ ಚಿಕ್ಕದಿದ್ದು, ನಾಲಿಗೆ ಹಿಂದೆ ಬಿದ್ದು ಉಸಿರಿಗೆ ಒದ್ದಾಡುವ ಕೂಸುಗಳ ಬಗ್ಗೆ 1923ರಲ್ಲಿ ಬರೆದರು. ಆ ಸ್ಥಿತಿಗೆ ಅವರದೇ ಹೆಸರು ಉಳಿದಿದೆ.

ದೊಡ್ಡವರ ಗೊರಕೆ ಮಾತ್ರ ಇನ್ನೂ ತಮಾಷೆಯ ವಿಷಯವಾಗಿಯೇ ಇತ್ತು. ನಿದ್ದೆಯಲ್ಲಿ ಉಸಿರು ಕಟ್ಟುವುದನ್ನು ರಾತ್ರಿಯಿಡೀ ಅಳೆದು ತೋರಿಸಿದ್ದು 1965ರಲ್ಲಿ, ಫ್ರಾನ್ಸ್ ಮತ್ತು ಜರ್ಮನಿಯ ಎರಡು ತಂಡಗಳು, ಬೇರೆ ಬೇರೆಯಾಗಿ. ಆಗ ತೀವ್ರ ಕಾಯಿಲೆಗೆ ಗಟ್ಟಿ ಪರಿಹಾರ ಎಂದರೆ ಕುತ್ತಿಗೆಯಲ್ಲಿ ಶ್ವಾಸನಾಳಕ್ಕೆ ತೂತು ಮಾಡುವುದು. ಹಗಲು ಮುಚ್ಚಿಕೊಂಡು ರಾತ್ರಿ ತೆರೆದುಕೊಳ್ಳಬೇಕು. ಯಾರಿಗೆ ತಾನೆ ಬೇಕು?

1981ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು ಐದು ರೋಗಿಗಳ ಮೂಗಿಗೆ ಒತ್ತಡದ ಗಾಳಿ ಊದಿ ಗಂಟಲು ತೆರೆದಿಟ್ಟದ್ದನ್ನು ಪ್ರಕಟಿಸಿದರು. ಅದೇ ಸಿ-ಪ್ಯಾಪ್. ಮರುವರ್ಷವೇ, 1982ರಲ್ಲಿ, ಅಮೆರಿಕದ ಶಿಕಾಗೋದಿಂದ ರೋಸಲಿಂಡ್ ಕಾರ್ಟ್‌ರೈಟ್ ಮತ್ತು ಚಾರ್ಲ್ಸ್ ಸ್ಯಾಮೆಲ್ಸನ್ ಬಾಯಿಯ ಸಾಧನದ ವರದಿ ತಂದರು. ಸ್ಯಾಮೆಲ್ಸನ್ ಮನೋವೈದ್ಯರು. ಅವರ ಸಾಧನದಲ್ಲಿ ನಾಲಿಗೆ ಒಂದು ಮೆತ್ತನೆಯ ಗುಳ್ಳೆಯೊಳಗೆ ಸಿಕ್ಕಿಕೊಂಡು ಮುಂದೆಯೇ ನಿಲ್ಲುತ್ತಿತ್ತು. ಆಮೇಲೆ ದವಡೆಯನ್ನೇ ಮುಂದೆ ಹಿಡಿಯುವ, ಸ್ವಲ್ಪಸ್ವಲ್ಪವೇ ಸರಿಸಬಹುದಾದ ಸಾಧನಗಳು ಬಂದವು. ರೊಬ್ಯಾಂ ದಾರಿಯೇ.

ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬಂದರೂ ಎರಡಕ್ಕೂ ಒಂದೇ ಮರ್ಯಾದೆ ಸಿಗಲಿಲ್ಲ. ಯಂತ್ರ ಹಾಕಿದ ರಾತ್ರಿ ಉಸಿರು ನಿಲ್ಲುವುದು ಬಹುತೇಕ ಇಲ್ಲವಾಗುತ್ತಿತ್ತು. ಬಾಯಿಯ ಸಾಧನ ಕೆಲವರಿಗೆ ಪೂರ್ತಿ, ಕೆಲವರಿಗೆ ಅರ್ಧ ಫಲ ಕೊಟ್ಟರೆ ಇನ್ನು ಕೆಲವರಿಗೆ ಏನೂ ಕೊಡುತ್ತಿರಲಿಲ್ಲ. 1995ರ ಅಮೆರಿಕದ ಮಾರ್ಗಸೂಚಿ ಅದನ್ನು ಗೊರಕೆಗೆ ಮತ್ತು ಸೌಮ್ಯ ಹಂತಕ್ಕೆ ಇಟ್ಟಿತು. ಹೆಚ್ಚಿನ ಹಂತದವರಿಗೆ ಯಂತ್ರ ಒಗ್ಗದಿದ್ದರೆ ಮಾತ್ರ. ತೀವ್ರ ಹಂತದವರು ಮೊದಲು ಯಂತ್ರವನ್ನೇ ಪ್ರಯತ್ನಿಸಬೇಕು ಎಂದು 2006ರಲ್ಲೂ ಹೇಳಿದರು.

ಆದರೆ ಮಾಸ್ಕನ್ನು ನಡುರಾತ್ರಿ ಕಿತ್ತು ಪಕ್ಕಕ್ಕಿಡುವವರು ಎಲ್ಲ ಕಡೆ ಇದ್ದಾರೆ. ಕಿತ್ತಿಟ್ಟ ಯಂತ್ರ ಎಷ್ಟು ಒಳ್ಳೆಯದಾದರೇನು? 2013ರಲ್ಲಿ ಸಿಡ್ನಿಯ ಸಂಶೋಧಕರು ನೂರಕ್ಕೂ ಹೆಚ್ಚು ರೋಗಿಗಳಿಗೆ ಎರಡನ್ನೂ ಒಂದೊಂದು ತಿಂಗಳು ಕೊಟ್ಟು ನೋಡಿದರು. ಬಹುಪಾಲು ಮಧ್ಯಮ ಮತ್ತು ತೀವ್ರ ಹಂತದವರು. ಉಸಿರಿನ ತಡೆ ಯಂತ್ರದಲ್ಲಿ ಗಂಟೆಗೆ ಸುಮಾರು 4.5ಕ್ಕೆ ಇಳಿಯಿತು, ಬಾಯಿಯ ಸಾಧನದಲ್ಲಿ ಸುಮಾರು 11ಕ್ಕೆ. ಹಾಕಿಕೊಂಡ ಹೊತ್ತು ಮಾತ್ರ ತಿರುಗುಮುರುಗು: ಯಂತ್ರ ರಾತ್ರಿಗೆ 5.2 ಗಂಟೆ, ಸಾಧನ 6.5 ಗಂಟೆ. ಹಗಲಿನ ತೂಕಡಿಕೆ ಮುಂತಾದವುಗಳಲ್ಲಿ ಫಲ ಹೆಚ್ಚುಕಡಿಮೆ ಸಮವಾಗಿ ಬಂತು. ಒಂದು ತಿಂಗಳ ಲೆಕ್ಕ ಅದು, ನೆನಪಿರಲಿ. 2015ರ ಮಾರ್ಗಸೂಚಿ ಹಂತದ ಗೆರೆ ಎಳೆಯಲಿಲ್ಲ. ಯಂತ್ರ ಒಗ್ಗದ ಅಥವಾ ಬೇರೆ ಚಿಕಿತ್ಸೆ ಬೇಕೆನ್ನುವ ವಯಸ್ಕರಿಗೆ, ಏನೂ ಇಲ್ಲದಿರುವುದಕ್ಕಿಂತ ಬಾಯಿಯ ಸಾಧನ ಪರಿಗಣಿಸಿ ಎಂದಿತು. ಹಾಕಿಕೊಂಡ ಮೇಲೆ ಮತ್ತೆ ನಿದ್ದೆ ಪರೀಕ್ಷೆ ಮಾಡಿ ನೋಡಬೇಕು ಎಂದೂ ಹೇಳಿತು. ಗೊರಕೆ ಕಡಿಮೆಯಾದರೂ ಉಸಿರು ನಿಲ್ಲುತ್ತಲೇ ಇರಬಹುದು, ಅದಕ್ಕೆ. ಫೋನಿನ ಜಾಹೀರಾತಿನಲ್ಲಿ ಬರುವ ಅಗ್ಗದ ಪ್ಲಾಸ್ಟಿಕ್ಕಿಗೂ ಹಲ್ಲಿನ ಅಚ್ಚು ತೆಗೆದು ಮಾಡುವ ಸಾಧನಕ್ಕೂ ಅಜಗಜಾಂತರ. ಸರಿಯಾಗಿ ಮಾಡಿದ್ದರಲ್ಲೂ ಜೊಲ್ಲು, ಬೆಳಗ್ಗೆ ದವಡೆ ನೋವು, ವರ್ಷಗಳು ಕಳೆದಂತೆ ಹಲ್ಲು ಸರಿಯುವುದು ಉಂಟು.

ಇಷ್ಟೆಲ್ಲ ಓದಿಕೊಂಡು ದೊಡ್ಡಪ್ಪನನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಬಾಯಿ ತೆರೆಸಿ ಎಣಿಸಿದರು. ನಲವತ್ತು ವರ್ಷದ ಎಲೆಅಡಿಕೆ, ಹೊಗೆಸೊಪ್ಪು; ಕೆಳಗೆ ಉಳಿದದ್ದು ನಾಲ್ಕು, ಅದರಲ್ಲಿ ಎರಡು ಅಲುಗಾಡುತ್ತಿದ್ದವು. "ಸಾಧನ ಹಿಡಿದುಕೊಳ್ಳೋಕೆ ಗಟ್ಟಿ ಹಲ್ಲು ಬೇಕಲ್ಲ ಯಜಮಾನ್ರೇ" ಎಂದರು. ಈಗ ದೊಡ್ಡಪ್ಪನ ಮಂಚದ ಪಕ್ಕ ಯಂತ್ರವಿದೆ, ಅದರ ಕೆಳಗೆ ಒಂದು ಯುಪಿಎಸ್ ಬ್ಯಾಟರಿ. ಕರೆಂಟು ಹೋದ ರಾತ್ರಿ ದೊಡ್ಡಮ್ಮನಿಗೆ ಇನ್ನೂ ಎಚ್ಚರವಾಗುತ್ತದೆ, ಅದು ಓಡುತ್ತಿದೆಯಾ ಎಂದು ನೋಡಲು.